‘ಸಿಂಗಲ್ ಹ್ಯಾಂಡ್ ಮಾಲು’ ಎಂದು ಮಾರಿದ ಕ್ಯಾಮೆರಾಗಳು

ಹಳೆಯ ಫಿಲ್ಮ್ ಕ್ಯಾಮೆರಾ ಕೊಳ್ಳಬೇಕೆಂದು ಈಗೀಗ ರಾಯಚೂರಿನ ನಮ್ಮ ಮನೆಗೆ ಹುಡುಗ ಹುಡುಗಿಯರು ಬರುತ್ತಿರುತ್ತಾರೆ. ಬಂದವರು ಮೊದಲು ಫೋನು ತೆಗೆದು ಒಂದು ಚಿತ್ರ ತೋರಿಸುತ್ತಾರೆ. ಎರಡು ಕಣ್ಣಿನ ಕ್ಯಾಮೆರಾ, ಹೊಳೆಯುವ ಚರ್ಮ, ಪಕ್ಕದಲ್ಲಿ ಒಂದು ಹೂವಿನ ಕುಂಡ. ಚೊಲೊ ಅದ ಅಲ್ಲರಿ ಎಂದು ನನ್ನ ಮುಖ ನೋಡುತ್ತಾರೆ. ಮೇಲಿನ ಚರ್ಮ ನೋಡಿ ಕ್ಯಾಮೆರಾಕ್ಕೆ ಚೊಲೊ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮಾರುವವನ ಮೇಲೆ ಇನ್ನೂ ಹೆಚ್ಚು ಬರುತ್ತದೆ. ಆ ಚಿತ್ರದ ಕೆಳಗೆ ಅವನು ‘ಪರೀಕ್ಷೆ ಮಾಡಿಲ್ಲ, ಇದ್ದ ಹಾಗೆ ಕೊಡಲಾಗುವುದು’ ಎಂದು ಬರೆದಿರುತ್ತಾನೆ. ಪರೀಕ್ಷೆ ಮಾಡಿಯೇ ಇರುತ್ತಾನೆ. ಕೆಟ್ಟಿದೆ ಎಂದು ಗೊತ್ತಾದ ಮೇಲೆಯೇ ಹಾಗೆ ಬರೆಯುವುದು.

ಈ ಮಾತನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ಮೊದಲು ರಾಯಚೂರಿನ ಒಂದು ಸ್ಟುಡಿಯೋದಲ್ಲಿ ನೌಕರಿ, ಆಮೇಲೆ ಮಾನ್ವಿಯಲ್ಲಿ ನನ್ನದೇ ಸ್ಟುಡಿಯೋ. ಅದರ ಜೊತೆಗೆ ದೇವದುರ್ಗ, ಕವಿತಾಳ, ಸಿರವಾರದ ಫೋಟೋದವರಿಗೆಲ್ಲ ಹಳೆಯ ಕ್ಯಾಮೆರಾ ನೋಡಿ ಆರಿಸಿ ಕೊಡುವ ಕೆಲಸ. ಹೊಸ ಕ್ಯಾಮೆರಾ ಕೊಳ್ಳುವ ಶಕ್ತಿ ನಮ್ಮ ಕಡೆಯ ಯಾವ ಸ್ಟುಡಿಯೋಕ್ಕೂ ಇರಲಿಲ್ಲ. ಎಲ್ಲರದ್ದೂ ಮತ್ತೊಬ್ಬರು ಬಳಸಿ ಬಿಟ್ಟದ್ದೇ. ಈಗ ನೀವು ಮೀಡಿಯಂ ಫಾರ್ಮ್ಯಾಟ್ ಎನ್ನುವುದನ್ನು ನಾವು ಒನ್ ಟ್ವೆಂಟಿ ಎನ್ನುತ್ತಿದ್ದೆವು. ಅಗಲವಾದ ರೋಲು, ದೊಡ್ಡ ನೆಗೆಟಿವ್, ಅದರ ಮೇಲೆ ಪೆನ್ಸಿಲ್ ಹಿಡಿದು ಮುಖದ ಕಲೆ ತಿದ್ದಬಹುದು. ಆ ತಿದ್ದುವ ಕೆಲಸವನ್ನು ನಾನು ಕಲಿತದ್ದು ನೌಕರಿಗೆ ಸೇರಿದ ಮೇಲೆಯೇ.

ಸೇರಿಸಿಕೊಂಡವರು ಚಂದ್ರಶೇಖರಪ್ಪನವರು. ಊರಲ್ಲಿ ಹೆಸರಾದ ಸ್ಟುಡಿಯೋ ಅವರದು. ನಮ್ಮಪ್ಪ ಹತ್ತಿ ಗಿರಣಿಯಲ್ಲಿ ತೂಕದ ಕೆಲಸ ಮಾಡುತ್ತಿದ್ದ. ಮಗಳನ್ನು ಕತ್ತಲೆ ಕೋಣೆಯ ಕೆಲಸಕ್ಕೆ ಕಳಿಸುತ್ತೀಯಾ ಎಂದು ನೆಂಟರು ಅವನನ್ನು ಬೈದಿದ್ದರು. ಆದರೆ ಮಾಲಕರಿಗೆ ಹೆಣ್ಣುಮಗಳು ಬೇಕಿತ್ತು. ಗಂಡಸು ಹತ್ತಿರ ಬಂದು ಸೆರಗು ಸರಿಮಾಡಿ, ಗದ್ದ ಎತ್ತಿ ಎಂದರೆ ನಮ್ಮ ಊರಿನ ಹೆಂಗಸರು ಎದ್ದು ಹೋಗುತ್ತಿದ್ದರು. ಹಾಗೆ ಸೆರಗು ಸರಿಮಾಡಲು ಹೋದವಳು ನೆಗೆಟಿವ್ ತಿದ್ದಿದೆ, ರೋಲು ತೊಳೆದೆ, ಕೊನೆಗೆ ಕ್ಯಾಮೆರಾದ ಹಿಂದೆಯೂ ನಿಂತೆ. ಅದನ್ನೆಲ್ಲ ಕಲಿಸಿದವರು ಅವರೇ. ಈ ಮಾತನ್ನು ಮೊದಲು ಹೇಳಿಬಿಡಬೇಕು, ಏಕೆಂದರೆ ಮುಂದೆ ಹೇಳುವುದು ಅವರ ಮೇಲಿನ ದೂರು.

ಆ ಕಾಲದಲ್ಲಿ ಹೈದರಾಬಾದಿನ ಕಡೆಯಿಂದ ಸುಧಾಕರ ಎಂಬ ಏಜೆಂಟ್ ರೈಲಿನಲ್ಲಿ ಬರುತ್ತಿದ್ದ. ಎರಡು ಪೆಟ್ಟಿಗೆ ತುಂಬ ಹಳೆಯ ಕ್ಯಾಮೆರಾ, ಫಿಲ್ಟರು, ಲೆನ್ಸಿನ ಮುಂದೆ ಹಾಕುವ ಹುಡ್ಡು, ಚರ್ಮದ ಕೇಸು. ಒಳ್ಳೆಯ ಮಾತುಗಾರ. ಯಾವ ಕ್ಯಾಮೆರಾ ಕೈಗೆತ್ತಿಕೊಂಡರೂ ಅವನ ಬಾಯಲ್ಲಿ ಒಂದೇ ಮಾತು, ‘ಸಿಂಗಲ್ ಹ್ಯಾಂಡ್ ಮಾಲು’. ಅಂದರೆ ಒಬ್ಬನೇ ಒಡೆಯ ಜೋಪಾನವಾಗಿ ಬಳಸಿದ್ದು. ಒಬ್ಬ ಡಾಕ್ಟರನದೋ, ಒಬ್ಬ ಕಲೆಕ್ಟರನದೋ ಕ್ಯಾಮೆರಾ, ವರ್ಷಕ್ಕೆ ಒಂದು ಸಲ ಹಬ್ಬಕ್ಕೆ ಹೊರತೆಗೆಯುತ್ತಿದ್ದರಂತೆ. ಅವನು ಹೇಳಿದ ಡಾಕ್ಟರುಗಳನ್ನೆಲ್ಲ ಕೂಡಿಸಿದ್ದರೆ ನಮ್ಮ ಜಿಲ್ಲೆಯಲ್ಲಿ ರೋಗವೇ ಇರುತ್ತಿರಲಿಲ್ಲ.

ಕವಿತಾಳದ ಒಬ್ಬ ಫೋಟೋದವನಿಗೆ ಅವನು ಮಡಚುವ ಕ್ಯಾಮೆರಾ ಮಾರಿದ. ನೋಡಲು ಆಭರಣದಂತಿತ್ತು. ಆತ ಮನೆಗೆ ಹೋಗಿ ರೋಲು ಹಾಕಲು ನೋಡಿದರೆ ಕೂರುತ್ತಿಲ್ಲ. ರೋಲಿನಲ್ಲಿರುವ ಫಿಲ್ಮ್ ಅದೇ ಅಗಲ, ಆದರೆ ಆ ಕ್ಯಾಮೆರಾಕ್ಕೆ ಬೇಕಾದ, ಫಿಲ್ಮ್ ಸುತ್ತುವ ಉರುಳೆಯೇ ಬೇರೆ, ಅಂಚು ಸಣ್ಣದು. ಆ ಬಗೆಯ ರೋಲು ಅಂಗಡಿಗಳಲ್ಲಿ ಸಿಗುವುದು ಎಂದೋ ನಿಂತುಹೋಗಿತ್ತು. ಪಾಪ, ಆತ ಉರುಳೆಯ ಅಂಚನ್ನು ಅರ ಹಾಕಿ ಉಜ್ಜಿ ತುರುಕಿದ. ಉಜ್ಜಿದ ಪುಡಿ ಫಿಲ್ಮಿನ ಮೇಲೆ ಬಿದ್ದು ಒಂದು ಮದುವೆಯ ರೋಲಿನ ಉದ್ದಕ್ಕೂ ಗೀರು ಬಂತು. ತೊಳೆದವಳು ನಾನು. ಕೇಳಿದ್ದಕ್ಕೆ ಸುಧಾಕರ ನಕ್ಕ. ಕ್ಯಾಮೆರಾ ಕೊಟ್ಟೆನೇ ಹೊರತು ರೋಲು ಕೊಡುತ್ತೇನೆ ಅಂದಿರಲಿಲ್ಲ ಎಂದ. ಮಾಲಕರೂ ನಕ್ಕರು. ಅವರು ಯಾಕೆ ನಕ್ಕರೆಂದು ನನಗೆ ಆಗ ತಿಳಿಯಲಿಲ್ಲ.

ದೇವದುರ್ಗದಲ್ಲಿ ಅಮರಪ್ಪ ಎಂಬವರ ಚಿಕ್ಕ ಸ್ಟುಡಿಯೋ ಇತ್ತು. ಅವರಲ್ಲಿ ಕತ್ತಲೆ ಕೋಣೆ ಇರಲಿಲ್ಲ. ರೋಲುಗಳನ್ನು ಬಸ್ಸಿನಲ್ಲಿ ನಮಗೆ ಕಳಿಸುತ್ತಿದ್ದರು, ತೊಳೆದು ಪ್ರಿಂಟ್ ಹಾಕಿ ನಾವು ವಾಪಸ್ ಕಳಿಸುತ್ತಿದ್ದೆವು. ಅವರ ಹಳೆಯ ಕ್ಯಾಮೆರಾ ಮುರಿದಾಗ ಯಾವುದು ತಗೊಳ್ಳಲಿ ಎಂದು ನಮ್ಮ ಮಾಲಕರನ್ನೇ ಕೇಳಿದರು. ಮಾಲಕರು ಸುಧಾಕರನ ಪೆಟ್ಟಿಗೆಯಿಂದ ಎರಡು ಕಣ್ಣಿನ ಕ್ಯಾಮೆರಾ ಒಂದನ್ನು ತೆಗೆದು ತಮ್ಮ ಕೈಯಾರೆ ಕೊಟ್ಟರು. ಈ ಬಗೆಯ ಕ್ಯಾಮೆರಾದಲ್ಲಿ ಮೇಲಿನ ಲೆನ್ಸಿನಿಂದ ನಾವು ನೋಡುತ್ತೇವೆ, ಕೆಳಗಿನ ಲೆನ್ಸು ಫಿಲ್ಮಿಗೆ ತೋರಿಸುತ್ತದೆ. ಎರಡೂ ಒಂದೇ ದೂರಕ್ಕೆ ಹೊಂದಿರಬೇಕು. ಒಂದು ಕೂದಲೆಳೆ ಹೆಚ್ಚುಕಮ್ಮಿಯಾದರೂ ನಮ್ಮ ಕಣ್ಣಿಗೆ ಚೊಕ್ಕಟ ಕಾಣುವುದು ಫಿಲ್ಮಿನ ಮೇಲೆ ಮಸುಕಾಗುತ್ತದೆ.

ಅಮರಪ್ಪನವರು ಆ ಕ್ಯಾಮೆರಾದಿಂದ ತೆಗೆದ ಮೊದಲ ರೋಲು ನನ್ನ ಕೈಗೆ ಬಂತು. ತೊಳೆದು ಒಣಗಿಸಿ ಬೆಳಕಿಗೆ ಹಿಡಿದೆ. ಎಲ್ಲವೂ ಒಂದೇ ತರಹ. ಮುಖಗಳು ಮಂಜಿನೊಳಗೆ ಇದ್ದಂತೆ, ಮುಖಕ್ಕಿಂತ ಮುಂದೆ ಇರುವುದು ಮಾತ್ರ ಚೊಕ್ಕಟ. ಒಂದರಲ್ಲಿ ಕಂಬಳಿ ಹೊದ್ದು ಕುಳಿತ ಮುದುಕಿ. ತೊಡೆಯ ಮೇಲೆ ಇಟ್ಟ ಎರಡು ಕೈಗಳ ನರ, ಬಳೆ, ಕಂಬಳಿಯ ಎಳೆ ಕೂಡ ಎಣಿಸಬಹುದಿತ್ತು. ಮುಖ ಇರಲಿಲ್ಲ.

ಮಾಲಕರಿಗೆ ತೋರಿಸಿದೆ. ಅವರು ನೆಗೆಟಿವ್ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಹೇಳಿದ್ದು ಇಷ್ಟು:

"ನೀಲವ್ವ, ಅಮರಪ್ಪಗ ಫೋಕಸ್ ಮಾಡಾಕ ಬರಲಿಲ್ಲ ಅಂತ ಹೇಳು. ಕ್ಯಾಮೆರಾದ ಮಾತು ತಗೀಬ್ಯಾಡ."

ನಾನು ಪ್ರಿಂಟ್ ಹಾಕಿದೆ, ಕಳಿಸಲಿಲ್ಲ. ಏನು ಬರೆದು ಕಳಿಸುವುದೆಂದು ತಿಳಿಯಲಿಲ್ಲ. ಆ ವಾರವೇ ಅಮರಪ್ಪನವರು ತಾವೇ ಬಂದರು. ಜೊತೆಗೆ ಬೀರಪ್ಪ ಎಂಬ ಕುರಿಗಾರ. ಅವನ ತಾಯಿ ತೀರಿಕೊಂಡಿದ್ದಳು. ಆಕೆ ಜನ್ಮದಲ್ಲಿ ಫೋಟೋಕ್ಕೆ ಕೂತವಳಲ್ಲ, ಫೋಟೋ ತೆಗೆಸಿದರೆ ಆಯುಷ್ಯ ಹೋಗುತ್ತದೆ ಎಂದು ಅಂಜುತ್ತಿದ್ದಳಂತೆ. ಮಗ ಹೇಗೋ ಒಪ್ಪಿಸಿ, ಕುರಿಯ ಹಿಂಡನ್ನು ತಮ್ಮನಿಗೆ ಬಿಟ್ಟು, ಅವಳನ್ನು ದೇವದುರ್ಗಕ್ಕೆ ಕರೆತಂದು ಆ ಒಂದು ಫೋಟೋ ತೆಗೆಸಿದ್ದ. ಈಗ ಒಯ್ಯಲು ಬಂದಿದ್ದ.

ನಾನು ಪ್ರಿಂಟ್ ಅವನ ಕೈಗೆ ಕೊಟ್ಟೆ. ಅವನು ಬಾಗಿಲ ಬೆಳಕಿಗೆ ಹೋಗಿ ನಿಂತು ನೋಡಿದ. ತಿರುಗಿಸಿ ಹಿಂದೆಯೂ ನೋಡಿದ.

"ಕೈ ನಮ್ಮವ್ವನವ ಅದಾವ್ರಿ," ಎಂದ. "ಮಾರಿ ಎಲ್ಲಿ ಅದ?"

ಅಮರಪ್ಪನವರು ಪ್ರಿಂಟನ್ನು ಇಣುಕಿ ನೋಡಿದರು. ‘ನಾನು ಸರಿಯಾಗಿಯೇ ನೋಡಿದ್ದೆ, ಮುಖ ಚೊಕ್ಕಟ ಕಾಣುತ್ತಿತ್ತು’ ಎಂದು ಅವರು ನನಗೆ ಹೇಳಿದರು, ಮಾಲಕರಿಗೆ ಹೇಳಿದರು, ಬೀರಪ್ಪನಿಗೆ ಹೇಳಿದರು. ಆಮೇಲೆ ತಮ್ಮ ಕೈಯನ್ನೇ ನೋಡಿಕೊಂಡರು. ವರ್ಷಗಟ್ಟಲೆ ಫೋಟೋ ತೆಗೆದವರು ತಮ್ಮ ಕಣ್ಣು ಹೋಯಿತೇನೋ ಎಂದು ಅಲ್ಲೇ ನಂಬತೊಡಗಿದ್ದರು. ಮಾಲಕರು ನನ್ನ ಕಡೆ ನೋಡುತ್ತಿದ್ದರು.

"ನಿಮ್ಮ ಕಣ್ಣಿಂದು ತಪ್ಪಿಲ್ರಿ," ಎಂದೆ. "ಆ ಕ್ಯಾಮೆರಾದ ಎರಡು ಕಣ್ಣು ಕೂಡಂಗಿಲ್ಲ."

ಮಾಲಕರು ಎದ್ದು ಒಳಗೆ ಹೋದರು. ಬೀರಪ್ಪ ಜಗಳ ತೆಗೆಯಲಿಲ್ಲ. ತೆಗೆದಿದ್ದರೆ ಚೆನ್ನಾಗಿತ್ತು. ಪ್ರಿಂಟನ್ನು ರುಮಾಲಿನ ಮಡಿಕೆಯಲ್ಲಿ ಇಟ್ಟುಕೊಂಡು, "ಕೈಯಾದ್ರೂ ಇರಲಿ," ಎಂದು ಹೊರಟುಹೋದ.

ನಾನು ಅಮರಪ್ಪನವರು ತಂದಿದ್ದ ಆ ಕ್ಯಾಮೆರಾ ಹಿಡಿದು, ಅವರನ್ನೂ ಕರೆದುಕೊಂಡು ತೀನ್ ಕಂದೀಲ್ ಚೌಕದ ಹತ್ತಿರ ಇದ್ದ ಇಸ್ಮಾಯಿಲ್ ಚಾಚಾನ ಅಂಗಡಿಗೆ ಹೋದೆ. ಚಾಚಾ ಗಡಿಯಾರ ಮತ್ತು ಕ್ಯಾಮೆರಾ ರಿಪೇರಿ ಮಾಡುತ್ತಿದ್ದ. ಕ್ಯಾಮೆರಾ ಮೇಜಿನ ಮೇಲೆ ಇಟ್ಟದ್ದೇ ತಡ, ಗುರುತು ಹಿಡಿದ.

"ಇದು ನನ್ನ ಕಡೀಗೇ ಬಂದಿತ್ತು ಬೇಟಿ. ಬಿದ್ದು ಮೂತಿ ವಕ್ರ ಆಗ್ಯದ. ಸುಧಾಕರ ತಂದಿದ್ದ. ಸರಿ ಮಾಡಾಕ ಟೈಮ್ ಬೇಕು ಅಂದೆ. ಬ್ಯಾಡ, ಮ್ಯಾಲಿನ ಚರ್ಮ ಅಷ್ಟ ಹೊಸದು ಹಚ್ಚು ಅಂದ. ನಿಮ್ಮ ಮಾಲಕರೂ ಸಂಗಟ ಇದ್ರು."

ನಿಮ್ಮ ಮಾಲಕರೂ ಸಂಗಡ ಇದ್ದರು. ಆ ಮಾತು ಕೇಳಿ ನಾನು ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಸ್ಟುಡಿಯೋದಲ್ಲಿ ಹೊಸದಾಗಿ ಬಂದ ಫ್ಲಾಶ್ ಲೈಟುಗಳು ಯಾರ ರೊಕ್ಕದಿಂದ ಬಂದವು, ಕವಿತಾಳದವನ ರೋಲು ಗೀರಿದಾಗ ಅವರು ಯಾಕೆ ನಕ್ಕರು, ಎಲ್ಲ ಅಲ್ಲಿ ಕೂತಲ್ಲೇ ತಿಳಿಯಿತು. ಊರೂರಿನ ಫೋಟೋದವರು ದೊಡ್ಡವರೆಂದು ನಂಬಿ ಮಾಲಕರನ್ನು ಕೇಳುತ್ತಿದ್ದರು. ಆ ನಂಬಿಕೆಯನ್ನು ಅವರು ಸುಧಾಕರನಿಗೆ ಬಾಡಿಗೆಗೆ ಕೊಟ್ಟಿದ್ದರು.

ಮರುದಿನ ನೌಕರಿ ಬಿಟ್ಟೆ. ಮಾಲಕರು ತಡೆಯಲಿಲ್ಲ. ಹಳೆಯ ಮಾಲೆಂದರೆ ಹಾಗೇ ಇರುತ್ತದೆ, ನೀನೂ ಅಂಗಡಿ ತೆಗೆದರೆ ಗೊತ್ತಾಗುತ್ತದೆ ಎಂದರು. ಇಷ್ಟು ವರ್ಷವಾದರೂ ಆ ಮಾತಿಗೆ ನನ್ನ ಸಿಟ್ಟು ಆರಿಲ್ಲ. ಹಳೆಯ ಮಾಲು ಹಾಗಿರುವುದಿಲ್ಲ. ಕೆಟ್ಟಿದೆ ಎಂದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವರು ಇರುತ್ತಾರೆ. ಕೆಟ್ಟ ಮಿಕ್ಸರ್ ಮಾರಿದವನು ರೊಕ್ಕ ಕದಿಯುತ್ತಾನೆ, ಮತ್ತೆ ದುಡಿಯಬಹುದು. ಕೆಟ್ಟ ಕ್ಯಾಮೆರಾ ಮಾರಿದವನು ಒಬ್ಬ ತಾಯಿಯ ಮುಖವನ್ನೇ ಕದ್ದ. ಅದನ್ನು ಎಲ್ಲಿಂದ ತರುವುದು?

ಆಮೇಲೆ ಕೆಲವು ತಿಂಗಳು ನಾನು ಚಾಚಾನ ಅಂಗಡಿಯಲ್ಲಿ ಕುಳಿತು ಕಲಿತೆ. ಲೆನ್ಸಿನ ಹಿಂದಿನಿಂದ ಬ್ಯಾಟರಿ ಬೆಳಕು ಬಿಟ್ಟು ಓರೆಯಾಗಿ ನೋಡಬೇಕು, ಆಗ ಜೇಡರ ಬಲೆಯಂಥ ಬೂಷ್ಟು ಇದ್ದರೆ ಕಾಣುತ್ತದೆ. ಸಮುದ್ರದ ಕಡೆಯಿಂದ ಬಂದ ಕ್ಯಾಮೆರಾದಲ್ಲಿ ಬೂಷ್ಟು ಹೆಚ್ಚು. ನಮ್ಮ ಕಡೆಯದರಲ್ಲಿ ಬಿಸಿಲಿಗೆ ಒಳಗಿನ ಎಣ್ಣೆ ಒಣಗಿ ಅಂಟಾಗಿರುತ್ತದೆ, ಅದನ್ನು ಕಿವಿಯಿಂದ ಹಿಡಿಯಬೇಕು. ಶಟರನ್ನು ಒಂದು ಸೆಕೆಂಡಿಗೆ ಇಟ್ಟು ಒತ್ತಿದರೆ ಗಡಿಯಾರದಂತೆ ಸಮನಾದ ಸದ್ದು ಬರಬೇಕು, ನಡುವೆ ನರಳಬಾರದು. ಹಿಂದಿನ ಬಾಗಿಲು ತೆಗೆದು, ಫಿಲ್ಮ್ ಕೂರುವಲ್ಲಿ ಮಸುಕು ಗಾಜು ಇಟ್ಟು, ದೂರದ ಮಿನಾರನ್ನು ಮೇಲಿನ ಕಣ್ಣಿನಿಂದಲೂ ಕೆಳಗಿನ ಕಣ್ಣಿನಿಂದಲೂ ನೋಡಿ ತಾಳೆ ಹಾಕಬೇಕು. ಚರ್ಮದ ಕೇಸು ಎಷ್ಟು ಚಂದವಿದ್ದರೂ ಅದರಲ್ಲಿ ಕ್ಯಾಮೆರಾ ಇಡಬಾರದು, ಬೂಷ್ಟಿಗೆ ಅದೇ ತವರುಮನೆ. ಖಾಲಿ ಉರುಳೆ ಒಳಗೆ ಇದೆಯೋ ಇಲ್ಲವೋ ನೋಡಬೇಕು, ಅದಿಲ್ಲದೆ ರೋಲು ಸುತ್ತಿಕೊಳ್ಳಲು ಜಾಗವಿಲ್ಲ. ಹುಡ್ಡು, ಫಿಲ್ಟರು ಕೊಳ್ಳುವಾಗ ಕ್ಯಾಮೆರಾ ಜೊತೆಗೇ ಒಯ್ದು ಹಾಕಿ ನೋಡಬೇಕು, ಬಾಯಿಮಾತಿನ ಅಳತೆಗೆ ಕೊಳ್ಳಬಾರದು.

ರೊಕ್ಕ ಕಡಿಮೆ ಇದ್ದವರಿಗೆ ಚಾಚಾ ಹೇಳಿದ ಬುದ್ಧಿ ಒಂದೇ: ಕುರೂಪಿಯನ್ನು ಕೊಳ್ಳು, ಕಣ್ಣು ಮಾತ್ರ ಚೊಕ್ಕಟ ಇರಲಿ. ನನ್ನ ಮೊದಲ ಕ್ಯಾಮೆರಾ ಹಾಗೇ ಬಂದದ್ದು. ಮೈ ತಗ್ಗಾಗಿತ್ತು, ಚರ್ಮ ಅರ್ಧ ಕಿತ್ತುಹೋಗಿತ್ತು, ಒಳಗಿನ ಕನ್ನಡಿ ಕಪ್ಪಾಗಿತ್ತು. ಸುಧಾಕರನೇ ಕೈಬಿಟ್ಟು ಚಾಚಾನ ಡಬ್ಬಿಗೆ ಎಸೆದು ಹೋದದ್ದು. ಚಾಚಾ ಕನ್ನಡಿ ಬದಲಿಸಿ, ಎರಡು ಕಣ್ಣು ಕೂಡಿಸಿ ಕೊಟ್ಟ. ಅದನ್ನು ಹಿಡಿದು ಮಾನ್ವಿಯಲ್ಲಿ ಸ್ಟುಡಿಯೋ ತೆಗೆದೆ. ಗಿರಾಕಿಗಳು ಆ ತಗ್ಗಾದ ಡಬ್ಬಿ ನೋಡಿ ಇದರಲ್ಲಿ ಫೋಟೋ ಬರುತ್ತದಾ ಎಂದು ಕೇಳುತ್ತಿದ್ದರು. ನನ್ನ ಎದುರಿನ ಸ್ಟುಡಿಯೋದ ಸಿದ್ಧಲಿಂಗಪ್ಪನ ಬಳಿ ಕನ್ನಡಿಯಂತೆ ಹೊಳೆಯುವ ಕ್ಯಾಮೆರಾ ಇತ್ತು, ಅವನು ಅದನ್ನು ಬೇಕೆಂದೇ ಗಾಜಿನ ಶೋಕೇಸಿನಲ್ಲಿ ಇಡುತ್ತಿದ್ದ. ಸುತ್ತಲಿನ ಫೋಟೋದವರೆಲ್ಲ ಕ್ಯಾಮೆರಾ ತೋರಿಸಲು ನನ್ನಲ್ಲಿಗೆ ಬಂದರೂ ಅವನು ಒಮ್ಮೆಯೂ ಬರಲಿಲ್ಲ. ಹೆಣ್ಣುಮಗಳನ್ನು ಕೇಳಿ ಯಂತ್ರ ಕೊಳ್ಳುವ ಗತಿ ನನಗೆ ಬಂದಿಲ್ಲ ಎಂದು ಚಹಾದ ಅಂಗಡಿಯಲ್ಲಿ ಹೇಳುತ್ತಿದ್ದನಂತೆ.

ಅಮರಪ್ಪನವರಿಗೂ ನಾನು ಒಂದು ಕುರೂಪಿಯನ್ನೇ ಆರಿಸಿ ಕೊಟ್ಟೆ. ಅವರು ಅದರಲ್ಲಿ ಕೊನೆಯವರೆಗೂ ಕೆಲಸ ಮಾಡಿದರು. ಆದರೆ ಫೋಕಸ್ ಮಾಡಿದ ಮೇಲೆ ಪಕ್ಕದವರನ್ನು ಕರೆದು ಒಂದು ಸಲ ನೋಡು ಎನ್ನುವ ಚಟ ಅವರಿಗೆ ಅಂಟಿತು, ಅದು ಹೋಗಲೇ ಇಲ್ಲ. ಸುಧಾಕರ ರಾಯಚೂರಿಗೆ ಬರುವುದನ್ನು ಬಿಟ್ಟು ಬೇರೆ ಊರಿನ ದಾರಿ ಹಿಡಿದ. ಅವನಿಗೆ ಶಿಕ್ಷೆಯಾಯಿತೆಂದು ಬರೆಯಲು ನನಗೂ ಆಸೆ. ಆಗಲಿಲ್ಲ.

ಮುಂದೆ ಡಿಜಿಟಲ್ ಬಂತು, ನಮ್ಮ ಕಡೆಯ ಅಂಗಡಿಗಳಲ್ಲಿ ಒನ್ ಟ್ವೆಂಟಿ ರೋಲು ನಿಂತಿತು, ನಾನೂ ಸ್ಟುಡಿಯೋ ಮುಚ್ಚಿ ರಾಯಚೂರಿಗೆ ಬಂದೆ, ಗುಜರಿಯವರು ಕ್ಯಾಮೆರಾಗಳನ್ನು ತಕ್ಕಡಿಯಲ್ಲಿ ತೂಗಿ ಒಯ್ದರು. ಈಗ ಅವೇ ದೊಡ್ಡ ಊರುಗಳ ಹೋಟೆಲುಗಳಲ್ಲಿ ದೀಪಗಳಾಗಿ ನಿಂತಿವೆ. ಹೊಟ್ಟೆ ಕೊರೆದು ಬಲ್ಬು ಇಟ್ಟಿದ್ದಾರೆ. ಬೂಷ್ಟಿಲ್ಲದ ಲೆನ್ಸು, ಗಡಿಯಾರದಂಥ ಶಟರು, ಅದರೊಳಗೆ ಬಲ್ಬು. ಅದನ್ನು ನೋಡಿ ಅಲಂಕಾರ ಅನ್ನುವವರಿಗೆ ನಾನು ಏನು ಹೇಳಲಿ.

ಕಳೆದ ಬೇಸಿಗೆಯಲ್ಲಿ ಭಾಗ್ಯ ಎಂಬ ಹುಡುಗಿ ಬಂದಳು. ಮಲ್ಲಟದವಳು, ರಾಯಚೂರಿನ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಾಳೆ. ಊರಿನ ಹೊಲಗಳಲ್ಲಿ ದುಡಿಯುವ ಹೆಂಗಸರ ದೊಡ್ಡ ದೊಡ್ಡ ಫೋಟೋಗಳನ್ನು ಫಿಲ್ಮಿನಲ್ಲೇ ತೆಗೆಯಬೇಕೆಂಬ ಹಟ ಅವಳಿಗೆ. ಒಮ್ಮೆ ಆನ್‌ಲೈನಿನಲ್ಲಿ ಕೊಂಡು ಮೋಸಹೋಗಿದ್ದಳು. ಒಳಗೆಲ್ಲ ಬೂಷ್ಟು ಬೆಳೆದ ಡಬ್ಬಿ, ವಾಪಸ್ ತೆಗೆದುಕೊಳ್ಳಲಿಲ್ಲ. ಅದನ್ನು ಹೇಳುವಾಗ ಅವಳ ಕಣ್ಣಲ್ಲಿ ನೀರು ಬಂತು. ನನಗೆ ಇಷ್ಟವಾದಳು. ಚಾಚಾ ಕಲಿಸಿದ್ದನ್ನೆಲ್ಲ ಅವಳಿಗೆ ಕಲಿಸಿದೆ. ಬೇಗ ಹಿಡಿದುಕೊಂಡಳು.

ಆಗ ಮಾನ್ವಿಯಿಂದ ಸುದ್ದಿ ಬಂತು. ಸಿದ್ಧಲಿಂಗಪ್ಪ ತೀರಿಕೊಂಡ ಮೇಲೆ ಅವನ ಹೆಂಡತಿ ಈರಮ್ಮ ಸ್ಟುಡಿಯೋದ ಸಾಮಾನು ಮಾರುತ್ತಿದ್ದಾಳೆ ಎಂದು. ನಾನೂ ಭಾಗ್ಯಳೂ ಬಸ್ಸು ಹತ್ತಿದೆವು. ಈರಮ್ಮ ಕ್ಯಾಮೆರಾವನ್ನು ದಿಂಬಿನ ಚೀಲದಲ್ಲಿ ಸುತ್ತಿ ತಂದಿಟ್ಟಳು. ಭಾಗ್ಯ ಕಲಿತಂತೆಯೇ ಎಲ್ಲ ನೋಡಿದಳು. ಬ್ಯಾಟರಿ ಬಿಟ್ಟು ನೋಡಿದಳು, ಕಿವಿಗೆ ಹಿಡಿದಳು, ಮಸುಕು ಗಾಜು ಇಟ್ಟು ಎದುರಿನ ಬೇವಿನ ಮರಕ್ಕೆ ತಾಳೆ ಹಾಕಿದಳು. ನಾನು ಪಕ್ಕದಲ್ಲೇ ನೋಡುತ್ತಿದ್ದೆ. ಅಂಥ ಕ್ಯಾಮೆರಾ ನನ್ನ ಇಡೀ ಜೀವಮಾನದಲ್ಲಿ ನನ್ನ ಕೈಗೆ ಬಂದಿರಲಿಲ್ಲ. ಸಿದ್ಧಲಿಂಗಪ್ಪ ಜಂಬಗಾರನಾದರೂ ಅದನ್ನು ಮಗುವಿನಂತೆ ನೋಡಿಕೊಂಡಿದ್ದ. ಭಾಗ್ಯ ಅದನ್ನು ಮತ್ತೊಮ್ಮೆ ಕಿವಿಗೆ ಹಿಡಿದಳು. ಅವಳಿಗೂ ತಿಳಿದಿತ್ತು.

ಈರಮ್ಮ ಏನು ಕೊಡುತ್ತೀ ಎಂದು ಕೇಳಿದಳು. ಭಾಗ್ಯ ಒಂದು ರೇಟು ಹೇಳಿದಳು. ಗುಜರಿಯವನು ಹೇಳುವುದಕ್ಕಿಂತ ಸ್ವಲ್ಪ ಮೇಲೆ, ಅಷ್ಟೇ. ಆಮೇಲೆ ತಾನಾಗಿಯೇ ಸೇರಿಸಿದಳು:

"ಇದು ನಡಿಯಂಗಿಲ್ರಿ ಯವ್ವಾ. ರೋಲೂ ಸಿಗಂಗಿಲ್ಲ. ಮನ್ಯಾಗ ಚಂದ ಕಾಣ್ತದ ಅಂತ ಇಡಾಕ ಕೇಳಾಕತ್ತೀನಿ."

ನನ್ನ ಮೈ ಉರಿಯಿತು. ಸುಧಾಕರ ಕೆಟ್ಟದ್ದನ್ನು ಒಳ್ಳೆಯದೆಂದು ಮಾರಿದ. ಈ ಹುಡುಗಿ ಒಳ್ಳೆಯದನ್ನು ಕೆಟ್ಟದ್ದೆಂದು ಕೊಳ್ಳುತ್ತಿದ್ದಾಳೆ. ನಡುವೆ ಏನು ಫರಕು? ಅದೂ ನಾನೇ ಕಲಿಸಿದ ವಿದ್ಯೆಯಿಂದ. ಈರಮ್ಮ ನನ್ನ ಕಡೆ ತಿರುಗಿದಳು. ಎಷ್ಟು ವರ್ಷ ಎದುರುಬದುರು ಅಂಗಡಿ ಇಟ್ಟವರು ನಾವು, ಒಬ್ಬರ ಮನೆಗೆ ಒಬ್ಬರು ಹೋದವರಲ್ಲ.

"ನೀಲಕ್ಕ, ನೀ ಹೇಳು. ಖರೇನ?"

ಭಾಗ್ಯ ನನ್ನ ಸೀರೆಯ ಅಂಚನ್ನು ಮೆಲ್ಲಗೆ ಜಗ್ಗಿದಳು. ನಾನು ಈರಮ್ಮನಿಗೆ ಇದ್ದದ್ದನ್ನು ಹೇಳಿದೆ. ಕ್ಯಾಮೆರಾ ನಡೆಯುತ್ತದೆ, ರೋಲು ಈಗ ಆನ್‌ಲೈನಿನಲ್ಲಿ ಸಿಗುತ್ತದೆ, ಇವಳು ಹೇಳಿದ್ದಕ್ಕಿಂತ ಬಹಳ ಹೆಚ್ಚು ಬಾಳುತ್ತದೆ ಎಂದೆ. ಒಳಗಿನಿಂದ ಈರಮ್ಮನ ಮಗ ಬಂದು ನಿಂತ. ಅವನು ಇದನ್ನು ಗುಜರಿಗೆ ಹಾಕಲು ಹೊರಟಿದ್ದನಂತೆ. ಈರಮ್ಮ ಅವನನ್ನು ಕೈಸನ್ನೆಯಿಂದ ಸುಮ್ಮನಿರಿಸಿ ಭಾಗ್ಯಳ ಮುಂದೆ ಕುಳಿತಳು. ಸಿಟ್ಟಿನ ದನಿ ಇರಲಿಲ್ಲ.

"ನನಗ ರೊಕ್ಕದ್ದು ಅಡಚಣಿ ಇಲ್ಲವ್ವಾ. ನೀ ಕೇಳಿದ ರೇಟಿಗೇ ಕೊಡ್ತೀನಿ, ಮಾಸ್ತರಕಿ ಮಾಡೋ ಹುಡುಗಿ ಇದ್ದಿ. ಆದ್ರ ಒಂದು ಹೇಳು. ಇದು ನಡೀತದ ಅಂಬೋದು ನಿನಗ ಗೊತ್ತಿತ್ತ?"

ಭಾಗ್ಯ ನೆಲ ನೋಡಿದಳು. ಗೊತ್ತಿರಲಿಲ್ಲ ಎಂದಿದ್ದರೆ ಕ್ಯಾಮೆರಾ ಅವಳದಾಗುತ್ತಿತ್ತು. ಆ ಕ್ಷಣ ನನಗೆ ಆ ಹುಡುಗಿಯ ಬಗ್ಗೆ ಭಯವಾಯಿತು, ಏನು ಹೇಳುತ್ತಾಳೋ ಎಂದು.

"ಗೊತ್ತಿತ್ರಿ," ಎಂದಳು.

"ಹಂಗಾದ್ರ ಒಯ್ಯಬ್ಯಾಡ," ಎಂದು ಈರಮ್ಮ ಕ್ಯಾಮೆರಾವನ್ನು ಮತ್ತೆ ಚೀಲದೊಳಗೆ ಇಟ್ಟಳು. "ನಮ್ಮನಿಯವ್ರು ಇದನ್ನ ಯಾರ ಕೈಯಾಗೂ ಕೊಡತಿರಲಿಲ್ಲ. ನಿನ್ನ ಕೈಯಾಗ ಕೊಡಬೇಕು ಅಂತ ಮನಸ್ಸಾಗಿತ್ತು." ನಮಗೆ ಚಹಾ ಕೊಟ್ಟು ಕಳಿಸಿದಳು.

ಬಸ್ಸಿನಲ್ಲಿ ಭಾಗ್ಯ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ದಾರಿಯ ಕಲ್ಮಲ ಊರು ದಾಟಿತು. ಆಮೇಲೆ, ನೀವು ಸುಮ್ಮನಿದ್ದಿದ್ದರೆ ಆಗುತ್ತಿತ್ತಲ್ಲ, ನನ್ನ ಹತ್ತಿರ ಇದ್ದದ್ದೇ ಅಷ್ಟು, ಎಂದಳು. ನನಗೆ ಅವಳ ಮೇಲೆ ಕನಿಕರವೂ ಇತ್ತು. ಬಡತನ ನಾನು ಕಾಣದ್ದಲ್ಲ. ಆದರೆ ಕಿಸೆಯಲ್ಲಿ ಕಡಿಮೆ ಇರುವುದು ಸುಳ್ಳು ಹೇಳಲು ಪರವಾನಗಿ ಅಲ್ಲ. ನಿನ್ನ ಹತ್ತಿರ ಇದ್ದದ್ದು ಅಷ್ಟೇ ಎಂದು ಈರಮ್ಮನಿಗೇ ಹೇಳಬೇಕಿತ್ತು, ಅವಳು ಕೊಡುತ್ತಿದ್ದಳು ಎಂದೆ. ಅವಳು ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಹೋಗಿ ಬರುತ್ತೇನೆ ಎಂದೂ ಹೇಳದೆ ಹೋದಳು. ಇನ್ನು ಬರುವುದಿಲ್ಲ ಎಂದುಕೊಂಡೆ.

ಕೆಲವು ವಾರಗಳ ಮೇಲೆ ಈರಮ್ಮ ಫೋನ್ ಮಾಡಿದಾಗ ಒಂದು ಸಂಗತಿ ತಿಳಿಯಿತು. ಭಾಗ್ಯ ಒಬ್ಬಳೇ ಮಾನ್ವಿಗೆ ಹೋಗಿ ಅವಳ ಮನೆಯಲ್ಲಿ ಒಂದು ಮಧ್ಯಾಹ್ನ ಕುಳಿತು ಬಂದಿದ್ದಳಂತೆ. ಕ್ಯಾಮೆರಾ ಕೇಳಲಿಲ್ಲವಂತೆ, ಈರಮ್ಮ ಕೊಡಲೂ ಇಲ್ಲ. ಏನು ಮಾತಾಡಿದಿರಿ ಎಂದು ನಾನು ಕೇಳಲಿಲ್ಲ.

ಅದರ ಮುಂದಿನ ರವಿವಾರ ಬೆಳಿಗ್ಗೆ ಬಾಗಿಲಲ್ಲಿ ಭಾಗ್ಯ ನಿಂತಿದ್ದಳು. ಕವಿತಾಳದಲ್ಲಿ ಯಾರೋ ಹಳೆಯ ಕ್ಯಾಮೆರಾ ಮಾರುತ್ತಿದ್ದಾರೆ, ಜೊತೆಗೆ ಬರುತ್ತೀರಾ ಎಂದಳು. ನಾನು ಕೂಡಲೇ ಏಳಲಿಲ್ಲ. ಅವಳ ಮುಖವನ್ನೇ ನೋಡುತ್ತ ಕುಳಿತೆ. ಅವಳು ನನ್ನ ಚಪ್ಪಲಿ ಹುಡುಕಿ ತಂದು ನನ್ನ ಕಾಲ ಬಳಿ ಇಟ್ಟಳು.

"ರೇಟು ಅವ್ರು ಹೇಳಲಿ ಅಕ್ಕಾರ," ಎಂದಳು. "ಕ್ಯಾಮೆರಾ ಹ್ಯಾಂಗದ ಅಂಬೋದು ಅವ್ರಿಗೆ ನಾ ಹೇಳ್ತೀನಿ."